ನಾಯಕನು ಹೊರನಡೆದಾಗ

ಬೆಂಗಳೂರಿನ ಹಲಸೂರು ಕೆರೆಯ ದಂಡೆಯನ್ನು ಭಾನುವಾರಗಳಂದು ಶುಚಿಗೊಳಿಸುವ ಓದುಗ ಮಿತ್ರರೊಬ್ಬರು ಕೇಳಿರುವ ಪ್ರಶ್ನೆಯಿದು: ಕೂಲಿಯ ಆಸೆಯಿಲ್ಲದೆ ತಾವಾಗಿಯೇ ಬಂದ ಅದೇ ಜನ, ಒಬ್ಬ ಮುಖಂಡನ ಕೈಕೆಳಗೆ ಹುರುಪಿನಿಂದ ದುಡಿದು, ಮತ್ತೊಬ್ಬನ ಕೈಕೆಳಗೆ ಅಪ್ಪಣೆಗಾಗಿ ಕಾಯುತ್ತ ಕೈಕಟ್ಟಿ ನಿಲ್ಲುವುದೇಕೆ?

ಇದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರಲ್ಲಿ ಅಗ್ರಗಣ್ಯರೆಂದರೆ, ಹಿಟ್ಲರನ ಜರ್ಮನಿಯನ್ನು ತೊರೆದು ಅಮೆರಿಕವನ್ನು ಸೇರಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳಾದ ಲಿಪಿಟ್ ಹಾಗೂ ವೈಟ್. 1939ರಲ್ಲಿ ಪ್ರಕಟವಾದ ಅವರ ಶೋಧನೆಯಲ್ಲಿ, ಮುಖವಾಡ ಮೊದಲಾದವನ್ನು ಮಾಡಲು ಶಾಲೆಯ ಬಳಿಕ ಕೂಡುತ್ತಿದ್ದ 10 ವರ್ಷದ ಬಾಲಕರ ಪುಟ್ಟ ಸಂಘಗಳಿಗೆ ಸರದಿಯಂತೆ ಮೂರು ಬಗೆಯ ನಾಯಕರು ದೊರೆತರು: ಪ್ರತಿಯೊಂದು ಹೆಜ್ಜೆಯನ್ನೂ ತಾನೇ ವಿಧಿಸುವ ನಿರಂಕುಶನು, ಎಲ್ಲರೊಡನೆ ಸಮಾಲೋಚಿಸಿ ಕೆಲಸವನ್ನು ಹಂಚುವವನು, ಏನನ್ನೂ ಹೇಳದೆ ಸುಮ್ಮನಿರುವವನು. ನಿರಂಕುಶನಿಗೆ ತಲೆಬಾಗಿದ ಬಾಲಕರು ಅವನೆದುರಿನಲ್ಲಿ ಶೇಕಡ 74ರಷ್ಟು ಹೊತ್ತನ್ನು ಕೆಲಸಕ್ಕೆ ಕೊಟ್ಟರು; ಅವನು ಕೊಠಡಿಯಿಂದ ಹೊರನಡೆದೊಡನೆ ಅದು 29ಕ್ಕೆ ಕುಸಿಯಿತು. ಸಮಾಲೋಚಕನ ಗುಂಪಿನಲ್ಲಾದರೋ 50 ಇದ್ದದ್ದು 46ಕ್ಕೆ ಇಳಿಯಿತು, ಅಷ್ಟೆ. ಬೆರಳೆಣಿಕೆಯ ಬಾಲಕರ ಮೇಲೆ ನಡೆದ ಈ ಪ್ರಯೋಗವನ್ನು ಸರ್ವರಿಗೂ ಸಲ್ಲುವ ಸೂತ್ರವೆಂದು ಮಾರುವ ನಾಯಕತ್ವ ಶಿಬಿರಗಳನ್ನು ನಾನು ನಂಬಲಾರೆ. ಆದರೂ ನಾಯಕನ ಬೆಲೆಯನ್ನು ಅವನ ಗೈರುಹಾಜರಿಯಲ್ಲಿ ಅಳೆದರಲ್ಲ, ಆ ಉಪಾಯ ನನಗೆ ಅತ್ಯಂತ ಪ್ರಿಯವಾದುದು.

ಆತ್ಮವಿಶ್ವಾಸದ ಮೂಲವನ್ನು ಅರಸಿದ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತವು ಇದಕ್ಕೆ ಪೂರಕವಾಗಿದೆ: ‘ಇದು ನನ್ನಿಂದಾದೀತು’ ಎಂಬ ನಂಬುಗೆಗೆ ಹೊಗಳಿಕೆಗಿಂತ ಬಲವಾದ ಆಧಾರ, ಸ್ವತಃ ಮಾಡಿ ಗೆದ್ದ ಅನುಭವ. ಈ ಮಾತು ಶಾಸ್ತ್ರವಾಗುವುದಕ್ಕೆ ಬಹು ಮುಂಚೆಯೇ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಆರೆಂಟು ಹುಡುಗರದೊಂದು ತುಕಡಿ (ಪಟ್ರೋಲ್), ಅವರಲ್ಲಿಯೇ ಒಬ್ಬ ಅದರ ಲೀಡರ್, ಪ್ರತಿಯೊಬ್ಬನಿಗೂ ಅವನದೇ ಆದ ಹೊಣೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ಲರ ಈ ಪದ್ಧತಿಯ ತಿರುಳೂ ಸ್ವತಃ ಮಾಡಿ ಕಲಿಯುವುದೇ.

ಇದನ್ನು ಕಣ್ಣಾರೆ ಕಾಣಲು, ಹಲಸೂರು ಕೆರೆಯ ಬದಿಯಲ್ಲಿಯೇ ಇರುವ ಗುರುದ್ವಾರದ ಲಂಗರಿಗೆ, ಅಂದರೆ ಸಾಮೂಹಿಕ ಭೋಜನಶಾಲೆಗೆ, ಒಮ್ಮೆ ಹೋಗಿ ನೋಡಬೇಕು. ಅಲ್ಲಿ ಸೇವೆಗೆಂದು ಹೊಸದಾಗಿ ಬಂದವರ ಕೈಗೆ ಬರುವುದು ಉಪದೇಶವಲ್ಲ, ರೊಟ್ಟಿಯ ಬುಟ್ಟಿ. ಪಂಕ್ತಿಯಲ್ಲಿ ಕುಳಿತವರು ಎರಡೂ ಕೈಗಳನ್ನು ಒಡ್ಡಿದಾಗ, ರೊಟ್ಟಿಯನ್ನು ಎಸೆಯದೆ, ಬಾಗಿ, ಆ ಕೈಗಳಲ್ಲಿಡಬೇಕು. ಹಿರಿಯರೊಬ್ಬರು ಅದನ್ನು ಒಮ್ಮೆ ಮಾಡಿ ತೋರಿಸಿ ಸರಿದುಹೋದರೆ, ಪಂಕ್ತಿಯ ಕೊನೆಯನ್ನು ಮುಟ್ಟುವ ಹೊತ್ತಿಗೆ ಹೊಸಬರ ಕೈಯ ಅಳುಕು ಹೋಗಿರುತ್ತದೆ.

ಆದುದರಿಂದ, ಮಿತ್ರರೇ, ಮುಂದಿನ ಭಾನುವಾರ ಹೊಸಬರೊಬ್ಬರಿಗೆ ದಂಡೆಯ ಹತ್ತು ಮಾರು ಜಾಗವನ್ನು ಪೂರ್ತಿಯಾಗಿ ವಹಿಸಿ, ಕೆಲಸವನ್ನು ಒಮ್ಮೆ ತೋರಿಸಿ, ಅರ್ಧ ಗಂಟೆಯ ಕಾಲ ಅಲ್ಲಿಂದ ದೂರವಿರಿ.