ಡಿ.ಎನ್.ಎ.ಯ ನೂತನ ರಚನೆಯನ್ನು ತೋರಿಸುವ ಪ್ರತಿಕಾಯಗಳು

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಕೂಡಿರುವುದೆಂಬುದನ್ನು ಈ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಒಂದು ಕೋಶವು ಎರಡಾಗುವುದಕ್ಕೆ ಮುಂಚೆ ತನ್ನಲ್ಲಿರುವ ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಕೋಶವು ಒಡೆಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುವುದು. ಆದರೆ ಅದಕ್ಕೆ ಪೂರ್ವದ ಈ ಸಿದ್ಧತೆಯು ಕಾಣದು. ಅದನ್ನು ಅರಿಯುವ ಬಗೆ ಹೇಗೆ?

ಡಿ.ಎನ್.ಎ.ಯ ರಚನೆಗೆ ಬೇಕಾದ ವಸ್ತುಗಳಲ್ಲಿ ಥೈಮಿಡಿನ್ ಎಂಬುದೊಂದು. 1957ರಲ್ಲಿ ಟೇಲರ್ ಮೊದಲಾದವರು ಇದಕ್ಕೆ ವಿಕಿರಣಶೀಲ ಜಲಜನಕವನ್ನು ಸೇರಿಸಿ, ಅವರೆಯ ಜಾತಿಯ ಒಂದು ಗಿಡದ ಬೇರುಗಳಿಗೆ ಉಣಿಸಿ, ಛಾಯಾಚಿತ್ರದ ಲೇಪದ ಮೇಲೆ ಅದರ ಗುರುತನ್ನು ಪಡೆದರು. ಈ ಕ್ರಮವು ಫಲ ಕೊಡುವುದಕ್ಕೆ ಅನೇಕ ವೇಳೆ ವಾರಗಟ್ಟಲೆ ಕಾಯಬೇಕಾಗಿತ್ತು.

1982ರಲ್ಲಿ ಗ್ರಾಟ್ಜ್ನರ್ ಎಂಬವರು ಸುಲಭವಾದ ಮಾರ್ಗವೊಂದನ್ನು ಪ್ರಕಟಿಸಿದರು. ಬ್ರೋಮೊಡಿಆಕ್ಸಿಯೂರಿಡಿನ್ ಎಂಬ ವಸ್ತುವು ಥೈಮಿಡಿನನ್ನೇ ಹೋಲುವುದು. ಮೀಥೈಲ್ ಗುಂಪಿನ ಸ್ಥಾನದಲ್ಲಿ ಬ್ರೋಮಿನ್ ಇರುವುದಷ್ಟೇ ಭೇದ. ಕೋಶವು ಈ ಭೇದವನ್ನು ಅರಿಯದೆ, ತಾನು ಹೊಸದಾಗಿ ಕಟ್ಟುವ ಎಳೆಯಲ್ಲಿ ಇದನ್ನೂ ಸೇರಿಸಿಕೊಳ್ಳುವುದು. ಪ್ರತಿಕಾಯಗಳೆಂದರೆ ರೋಗಾಣುಗಳಂಥ ಪರವಸ್ತುಗಳನ್ನು ಗುರುತಿಸಿ ಹಿಡಿಯಲು ಶರೀರವು ನಿರ್ಮಿಸುವ ಪ್ರೋಟೀನುಗಳು. ಗ್ರಾಟ್ಜ್ನರರು ಈ ವಸ್ತುವನ್ನೇ ಗುರುತಿಸುವ ಪ್ರತಿಕಾಯವನ್ನು ಸಿದ್ಧಪಡಿಸಿದರು. ಡಿ.ಎನ್.ಎ.ಯ ಎರಡು ಎಳೆಗಳು ಹೆಣೆದುಕೊಂಡಿರುವಾಗ ಪ್ರತಿಕಾಯವು ಒಳಹೊಗಲಾರದು. ಆದುದರಿಂದ ಆಮ್ಲದಿಂದಲೋ ಶಾಖದಿಂದಲೋ ಅವುಗಳನ್ನು ಮೊದಲು ಬಿಡಿಸುವರು. ಬಳಿಕ ಹೊಳೆಯುವ ಬಣ್ಣವನ್ನು ಕೂಡಿಸಿದ ಪ್ರತಿಕಾಯವನ್ನು ಹಾಕಲು, ಆ ಅವಧಿಯಲ್ಲಿ ಡಿ.ಎನ್.ಎ.ಯನ್ನು ರಚಿಸಿದ ಕೋಶಗಳು ಮಾತ್ರ ಬೆಳಗುವುವು.

ಇದರಿಂದಾದ ಉಪಕಾರಕ್ಕೆ ಒಂದು ನಿದರ್ಶನವನ್ನು ಹೇಳಬಹುದು. ಪ್ರಾಯದವರ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟವೆಂದು ಬಹುಕಾಲ ನಂಬಲಾಗಿತ್ತು. ಅರ್ಬುದ ರೋಗಿಗಳಾದ ಐವರಿಗೆ, ಗಡ್ಡೆಯ ಬೆಳವಣಿಗೆಯನ್ನು ಅಳೆಯುವುದಕ್ಕಾಗಿ ಈ ವಸ್ತುವನ್ನು ಕೊಡಲಾಗಿತ್ತು. ಅವರು ತೀರಿಕೊಂಡ ಮೇಲೆ ಎರಿಕ್‌ಸನ್, ಗೇಜ್ ಮೊದಲಾದವರು ಅವರ ಮಿದುಳನ್ನು ಪರೀಕ್ಷಿಸಿ, ಸ್ಮರಣೆಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಗುರುತುಳ್ಳ ನರಕೋಶಗಳನ್ನು ಕಂಡು, 1998ರಲ್ಲಿ ಪ್ರಕಟಿಸಿದರು. ತಾವು ಗುಣಹೊಂದದಿದ್ದರೂ ಆ ಐವರು ಲೋಕದ ಜ್ಞಾನವನ್ನು ಹೆಚ್ಚಿಸಿ ಹೋದರು.

ಆದರೂ ಈ ಸಾಕ್ಷ್ಯವನ್ನು ಎಚ್ಚರಿಕೆಯಿಂದ ತೂಗಬೇಕು. ಕೆಟ್ಟ ಡಿ.ಎನ್.ಎ.ಯನ್ನು ಕೋಶವು ದುರಸ್ತಿ ಮಾಡುವಾಗಲೂ ಈ ವಸ್ತುವು ಅಲ್ಪವಾಗಿ ಸೇರಬಹುದು. ಹೆಚ್ಚಾದರೆ ಕೋಶಕ್ಕೆ ಹಾನಿಯೂ ಉಂಟು. 2018ರಲ್ಲಿ ಬೇರೆ ಗುರುತುಗಳಿಂದ ಶೋಧಿಸಿದ ಪಂಡಿತರೊಳಗೆ ಕೆಲವರು ವಯಸ್ಕರಲ್ಲಿ ಹೊಸ ನರಕೋಶಗಳು ಕಾಣಲಿಲ್ಲವೆಂದರು, ಕೆಲವರು ಕಂಡವೆಂದರು. ಒಂದು ಗುರುತನ್ನು ಕಂಡಲ್ಲಿಗೇ ತೃಪ್ತರಾಗದೆ, ಅದು ಏನನ್ನು ಸೂಚಿಸುವುದೆಂದು ಮರಳಿ ಮರಳಿ ವಿಚಾರಿಸುವುದೇ ನಿಜವಾದ ವಿದ್ಯೆಯ ಲಕ್ಷಣವು.