ಬೇಸಿಗೆಯಲ್ಲಿ ವಾಲೈ ಮೀನು ಎಲ್ಲಿ ಅಡಗುತ್ತದೆ? ಈರಿ ಸರೋವರದಿಂದ ಒಂದು ಪಾಠ

ವಿದ್ಯಾರ್ಥಿಗಳೇ, ನಿಮ್ಮ ಊರಿನ ಕೆರೆಯಲ್ಲಿ ಮೀನು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, ದಿನಾ ಗಾಳ ಹಾಕುವವರು ಕೈ ತೋರಿಸಿಯೇ ಹೇಳಿಬಿಡುತ್ತಾರೆ. ಕೆರೆ ಚಿಕ್ಕದು, ಅದರ ಮೂಲೆ ಮೂಲೆಯೂ ಅವರಿಗೆ ಗೊತ್ತು. ಆದರೆ ಆಚೆ ದಡವೇ ಕಣ್ಣಿಗೆ ಕಾಣಿಸದಷ್ಟು ದೊಡ್ಡ ಸರೋವರವಾದರೆ?

ಉತ್ತರ ಅಮೆರಿಕದ ಈರಿ ಸರೋವರ ಅಂಥದ್ದು. ಅದರ ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಅಂದರೆ ನಮ್ಮ ಗೋವಾದಂಥ ಸುಮಾರು ಏಳು ರಾಜ್ಯಗಳಷ್ಟು ದೊಡ್ಡದು! ಸರೋವರದ ನಡುವೆಯೇ ಅಮೆರಿಕ ಮತ್ತು ಕೆನಡಾ ದೇಶಗಳ ಗಡಿ ಹಾದುಹೋಗುತ್ತದೆ. ಅಲ್ಲಿನ ಜನ ತುಂಬ ಇಷ್ಟಪಟ್ಟು ಹಿಡಿಯುವ, ತಿನ್ನುವ ಮೀನು ವಾಲೈ. ಈ ಮೀನು ವಸಂತದಲ್ಲಿ ದಡದ ಹತ್ತಿರ ಸುಲಭವಾಗಿ ಸಿಗುತ್ತದೆ. ಜೂನ್ ಕಳೆದು ಅಲ್ಲಿನ ಬೇಸಿಗೆ ಬಲಿಯುತ್ತಿದ್ದಂತೆ ಅಲ್ಲಿಂದ ಕಾಣೆಯಾಗುತ್ತದೆ. ಎಲ್ಲಿ ಹೋಯಿತು? ಇದಕ್ಕೆ ಉತ್ತರ ಬೇಕಾದರೆ ಮೊದಲು ನೀರನ್ನು ಅರ್ಥಮಾಡಿಕೊಳ್ಳಬೇಕು. ಬೆಳಕು, ಉಷ್ಣಾಂಶ, ಆಹಾರ, ಆಮ್ಲಜನಕ: ಈ ನಾಲ್ಕನ್ನು ಒಂದೊಂದಾಗಿ ನೋಡೋಣ ಬನ್ನಿ.

ಬೆಳಕು: ಗಾಜಿನ ಕಣ್ಣಿನ ಮೀನು

ವಾಲೈ ಮೀನಿನ ವೈಜ್ಞಾನಿಕ ಹೆಸರು ಸ್ಯಾಂಡರ್ ವಿಟ್ರಿಯಸ್. ಲ್ಯಾಟಿನ್ ಭಾಷೆಯಲ್ಲಿ ವಿಟ್ರಿಯಸ್ ಅಂದರೆ ಗಾಜಿನಂಥದ್ದು. ಅದರ ಕಣ್ಣು ನೋಡಿದರೆ ಹೆಸರು ಸರಿಯಾಗಿದೆ ಅನಿಸುತ್ತದೆ. ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಮಿಣಮಿಣ ಹೊಳೆಯುವುದನ್ನು ಕಂಡಿದ್ದೀರಲ್ಲ? ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುವ ಪದರ ಇದೆ. ವಾಲೈಗೂ ಅಂಥದ್ದೇ ಒಂದು ಪದರ ಇದೆ. ಕಣ್ಣಿಗೆ ಬಂದ ಬೆಳಕು ಎರಡು ಸಲ ಬಳಕೆಯಾಗುವುದರಿಂದ ಮಬ್ಬುಗತ್ತಲಲ್ಲೂ ಅದಕ್ಕೆ ಬೇಟೆ ಕಾಣುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಇಂಥ ಕಣ್ಣಿಗೆ ನಡುಹಗಲಿನ ಬೆಳಕು ಜಾಸ್ತಿಯಾಗುತ್ತದೆ. ಹಾಗಾಗಿ ಬಿಸಿಲೇರಿದಾಗ ವಾಲೈ ಆಳಕ್ಕೆ ಇಳಿಯುತ್ತದೆ, ಇಲ್ಲವೇ ಕದಡಿದ ನೀರಿಗೆ ಸರಿಯುತ್ತದೆ. ಮುಂಜಾನೆ, ಮುಸ್ಸಂಜೆ ಮತ್ತು ರಾತ್ರಿ ಅದರ ಊಟದ ಹೊತ್ತು. ಗಾಳಿ ಬೀಸಿ ಅಲೆ ಎದ್ದ ದಿನ ಬೆಳಕು ಚದುರಿ ಒಳಗೆ ಕಡಿಮೆ ಇಳಿಯುತ್ತದೆ. ಆಗ ಹಗಲಲ್ಲೂ ಅದು ಬೇಟೆಗೆ ಬರುತ್ತದೆ. ಅನುಭವಿ ಮೀನುಗಾರರು ಅಂಥ ದಿನಕ್ಕೇ ಕಾಯುತ್ತಾರೆ.

ಉಷ್ಣಾಂಶ: ನೀರಿನ ಮಹಡಿಗಳು

ಬೇಸಿಗೆಯಲ್ಲಿ ಆಳದ ಬಾವಿಗೆ ಈಜಲು ಇಳಿದವರಿಗೆ ಇದು ಗೊತ್ತಿರುತ್ತದೆ. ಎದೆಯ ಹತ್ತಿರ ನೀರು ಬೆಚ್ಚಗಿರುತ್ತದೆ, ಕಾಲಿಗೆ ಮಾತ್ರ ತಣ್ಣಗೆ ಕೊರೆಯುತ್ತದೆ. ಬಿಸಿ ನೀರಿನ ಸಾಂದ್ರತೆ ಕಡಿಮೆ, ಅದು ಮೇಲೆ ತೇಲುತ್ತದೆ. ತಣ್ಣೀರಿನ ಸಾಂದ್ರತೆ ಹೆಚ್ಚು, ಅದು ತಳಕ್ಕೆ ಕೂರುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಎಲ್ಲಕ್ಕಿಂತ ಹೆಚ್ಚು ಅಂತ ನೀವು ಓದಿದ್ದೀರಿ.

ಈರಿಯಲ್ಲೂ ಹೀಗೇ ಆಗುತ್ತದೆ. ಬೇಸಿಗೆಯ ಕೊನೆಗೆ ಅದರ ನಡುಭಾಗದಲ್ಲಿ ಮೇಲಿನ ನೀರು ಸುಮಾರು 24 ಡಿಗ್ರಿ ಇದ್ದರೆ, ತಳದ ನೀರು ಹತ್ತು ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ಎರಡರ ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣಾಂಶ ಸರ್ರನೆ ಇಳಿಯುವ ಪಟ್ಟಿಗೆ ಥರ್ಮೋಕ್ಲೈನ್ ಅಂತ ಹೆಸರು. ವಾಲೈಗೆ ಹಿತವಾದದ್ದು 20ರಿಂದ 23 ಡಿಗ್ರಿಯ ನೀರು. ಹಾಗಾದರೆ ಅದು ಎಲ್ಲಿರಬೇಕು? ಬಹಳ ಸಲ ಮೇಲೂ ಅಲ್ಲ, ತಳದಲ್ಲೂ ಅಲ್ಲ, ನಡುನೀರಿನಲ್ಲಿ.

ಆದರೆ ಈರಿಯ ಆಳ ಎಲ್ಲ ಕಡೆ ಒಂದೇ ಸಮ ಇಲ್ಲ. ಪಶ್ಚಿಮ ಭಾಗದ ಸರಾಸರಿ ಆಳ ಸುಮಾರು 7 ಮೀಟರ್ ಮಾತ್ರ. ನಡುಭಾಗದ್ದು ಸುಮಾರು 18 ಮೀಟರ್. ಪೂರ್ವ ಭಾಗದಲ್ಲಿ ಅತಿ ಆಳದ ಜಾಗ 64 ಮೀಟರ್. ಪಶ್ಚಿಮದ ಆಳವಿಲ್ಲದ ನೀರು ಬೇಸಿಗೆಯಲ್ಲಿ ತಳದವರೆಗೂ ಕಾಯುತ್ತದೆ. ಅಲ್ಲಿ ಮರಿ ಮಾಡಿದ ಎಷ್ಟೋ ವಾಲೈಗಳು, ಅದರಲ್ಲೂ ದೊಡ್ಡವು, ತಂಪು ನೀರು ಹುಡುಕಿಕೊಂಡು ಪೂರ್ವಕ್ಕೆ ಹೊರಡುತ್ತವೆ. ಚಳಿಗಾಲ ಹತ್ತಿರವಾದಾಗ ಮತ್ತೆ ಪಶ್ಚಿಮಕ್ಕೆ ವಾಪಸು. ಇದು ಹೇಗೆ ಗೊತ್ತಾಯಿತು ಅಂದರೆ, ವಿಜ್ಞಾನಿಗಳು ಮೀನಿನ ದೇಹದೊಳಗೆ ಧ್ವನಿಯ ಸಂಕೇತ ಕಳಿಸುವ ಪುಟ್ಟ ಸಾಧನ ಇಡುತ್ತಾರೆ. ಸರೋವರದ ತಳದಲ್ಲಿ ಇಟ್ಟ ಗ್ರಾಹಕಗಳು ಅದನ್ನು ಕೇಳಿಸಿಕೊಂಡು, ಯಾವ ಮೀನು ಯಾವಾಗ ಹಾದುಹೋಯಿತು ಎಂದು ದಾಖಲಿಸುತ್ತವೆ.

ಆಹಾರ: ಬೇಟೆ ಇದ್ದಲ್ಲಿ ಬೇಟೆಗಾರ

ತಂಪು ನೀರೊಂದೇ ಸಾಕಾಗುವುದಿಲ್ಲ, ಹೊಟ್ಟೆಯೂ ತುಂಬಬೇಕು. ಎಮರಲ್ಡ್ ಶೈನರ್, ಸ್ಮೆಲ್ಟ್, ಗಿಜರ್ಡ್ ಶ್ಯಾಡ್ ಎಂಬ ಸಣ್ಣ ಮೀನುಗಳು ನಡುನೀರಿನಲ್ಲಿ ಹಿಂಡುಹಿಂಡಾಗಿ ತಿರುಗುತ್ತವೆ. ವಾಲೈ ಅವುಗಳ ಬೆನ್ನು ಹತ್ತುತ್ತದೆ.

ಈ ಹಿಂಡುಗಳನ್ನು ಪತ್ತೆ ಮಾಡಲು ದೋಣಿಯಲ್ಲಿ ಸೋನಾರ್ ಇರುತ್ತದೆ. ಅದು ನೀರಿಗೆ ಧ್ವನಿ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿ ತುಂಬಿದ ಚೀಲ ಇದೆಯಲ್ಲ, ಅದಕ್ಕೆ ತಾಗಿದ ಧ್ವನಿ ಚೆನ್ನಾಗಿ ಹಿಂದಿರುಗುತ್ತದೆ. ಲೆಕ್ಕ ನೀವೇ ಮಾಡಿ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಮೀನು 12 ಮೀಟರ್ ಆಳದಲ್ಲಿದ್ದರೆ ಧ್ವನಿ ಹೋಗಿ ಬರುವ ದೂರ 24 ಮೀಟರ್. 24ನ್ನು 1,480ರಿಂದ ಭಾಗಿಸಿದರೆ ಸುಮಾರು 0.016 ಸೆಕೆಂಡ್. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಉತ್ತರ ಬಂದಿರುತ್ತದೆ! ಆಳ ತಿಳಿದ ಮೇಲೆ ಗಾಳವನ್ನು ಅದೇ ಮಟ್ಟಕ್ಕೆ ಇಳಿಬಿಟ್ಟು ದೋಣಿಯನ್ನು ನಿಧಾನವಾಗಿ ನಡೆಸುತ್ತಾರೆ.

ಆಮ್ಲಜನಕ: ಕಿರಿದಾಗುವ ಮನೆ

ಮೇಲಿನ ನೀರಿಗೆ ಗಾಳಿಯಿಂದ ಆಮ್ಲಜನಕ ಸಿಗುತ್ತಲೇ ಇರುತ್ತದೆ, ಲೀಟರಿಗೆ ಸುಮಾರು 8 ಮಿಲಿಗ್ರಾಂ. ಥರ್ಮೋಕ್ಲೈನ್ ಕೆಳಗಿನ ನೀರಿಗೆ ಆ ಭಾಗ್ಯ ಇಲ್ಲ. ನಡುವಿನ ಪದರ ಮುಚ್ಚಳ ಹಾಕಿದಂತೆ ತಡೆಯುತ್ತದೆ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬೀಳುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಅಲ್ಲಿದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಈರಿಯ ನಡುಭಾಗದಲ್ಲಿ ತಳದ ತಣ್ಣೀರಿನ ಪದರ ತೆಳುವಾದದ್ದು, ಆದ್ದರಿಂದ ಅದರ ದಾಸ್ತಾನು ಬೇಗ ಮುಗಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಅಲ್ಲಿ ಇರಲಾರವು.

ಈಗ ಮೀನಿನ ಕಷ್ಟ ನೋಡಿ. ಮೇಲೆ ಹೋದರೆ ಬಿಸಿ, ಬೆಳಕು. ಕೆಳಗೆ ಹೋದರೆ ಉಸಿರಿಲ್ಲ. ಇರಲು ಉಳಿದದ್ದು ನಡುವಿನ ಒಂದು ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ ಮೀನುಗಳು ಒತ್ತೊತ್ತಾಗಿ ಸೇರುತ್ತವೆ, ಮೀನುಗಾರರಿಗೆ ಚೆನ್ನಾಗಿ ಸಿಗುತ್ತವೆ. "ಈ ವರ್ಷ ಮೀನು ಬಹಳ ಇದೆ" ಅಂತ ಅನಿಸಿಬಿಡುತ್ತದೆ. ಇಲ್ಲೇ ಮೋಸ ಹೋಗುವುದು! ಹೆಚ್ಚು ಸಿಕ್ಕಿತು ಅಂದ ಮಾತ್ರಕ್ಕೆ ಹೆಚ್ಚು ಇದೆ ಅಂತ ಅರ್ಥವಲ್ಲ. ತರಗತಿಯ ಮಕ್ಕಳೆಲ್ಲ ಒಂದೇ ಬೆಂಚಿನ ಸುತ್ತ ನಿಂತರೆ ಶಾಲೆ ತುಂಬಿದೆ ಅನ್ನಲಾಗುವುದೇ?

ಪಾಚಿ ಇಷ್ಟೊಂದು ಬೆಳೆಯುವುದಕ್ಕೆ ಮುಖ್ಯ ಕಾರಣ ರಂಜಕ, ಅಂದರೆ ಫಾಸ್ಫರಸ್. ಅದರಲ್ಲಿ ದೊಡ್ಡ ಪಾಲು ಹೊಲಗಳ ಗೊಬ್ಬರದಿಂದ ತೊಳೆದುಕೊಂಡು ಮೌಮಿ ನದಿಯ ಮೂಲಕ ಬರುತ್ತದೆ. ಇದರ ಬಿಸಿ ಮೀನಿಗೆ ಮಾತ್ರ ತಟ್ಟುವುದಿಲ್ಲ. 2014ರ ಆಗಸ್ಟ್‌ನಲ್ಲಿ ಪಾಚಿಯ ವಿಷ ಸೇರಿದ್ದರಿಂದ ದಡದ ಟೊಲೆಡೊ ನಗರದವರು ನಲ್ಲಿ ನೀರು ಕುಡಿಯಬಾರದು ಎಂದು ಸಾರಬೇಕಾಯಿತು. ಅದಕ್ಕೂ ಹಿಂದೆ, 1970ರಲ್ಲಿ, ಮೀನಿನಲ್ಲಿ ಪಾದರಸ ಕಂಡುಬಂದು ವಾಲೈ ಹಿಡಿಯುವ ವ್ಯಾಪಾರವನ್ನೇ ನಿಲ್ಲಿಸಿದ್ದರು. 1972ರಲ್ಲಿ ಎರಡೂ ದೇಶಗಳು ನೀರಿನ ಗುಣಮಟ್ಟ ಕಾಪಾಡಲು ಒಪ್ಪಂದ ಮಾಡಿಕೊಂಡವು. ಈಗ ಗಡಿಯ ಎರಡೂ ಕಡೆಯ ತಜ್ಞರು ಪ್ರತಿವರ್ಷ ಒಟ್ಟಿಗೆ ಕೂತು, ಎಷ್ಟು ವಾಲೈ ಹಿಡಿಯಬಹುದು ಎಂದು ತೀರ್ಮಾನಿಸುತ್ತಾರೆ. ಮೀನಿಗೆ ಗಡಿ ಇಲ್ಲ, ಅದನ್ನು ಕಾಯುವ ಕೆಲಸಕ್ಕೂ ಗಡಿ ಇರಬಾರದಲ್ಲವೇ?

ಮಾಡಿ ನೋಡಿ

1. ಗಾಜಿನ ಲೋಟದಲ್ಲಿ ಅರ್ಧದಷ್ಟು ತಣ್ಣೀರು ತುಂಬಿ. ಬಣ್ಣ ಬೆರೆಸಿದ ಬಿಸಿ ನೀರನ್ನು ಚಮಚದ ಮೇಲಿಂದ ಮೆಲ್ಲಗೆ ಸುರಿಯಿರಿ. ಎರಡು ಪದರ ಕಾಣುತ್ತದೆ. ಈಗ ಮೇಲಿನಿಂದ ಮೆಲ್ಲಗೆ ಊದಿ. ಯಾವ ಪದರ ಅಲುಗಾಡುತ್ತದೆ, ಯಾವುದು ಸುಮ್ಮನಿರುತ್ತದೆ?

2. ಶಿಕ್ಷಕರ ಜೊತೆ ಕೆರೆಗೆ ಹೋದಾಗ, ಬಿಳಿ ತಟ್ಟೆಯೊಂದಕ್ಕೆ ಭಾರ ಕಟ್ಟಿ ಹಗ್ಗದಿಂದ ನೀರಿಗೆ ಇಳಿಸಿ. ತಟ್ಟೆ ಕಾಣದಾದ ಆಳವನ್ನು ಅಳೆಯಿರಿ. ಮಳೆಗೆ ಮುಂಚೆ ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ ಅಳೆದು ಹೋಲಿಸಿ.

3. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಕೆಲವು ದಿನ ಬೆಳಗಿನ ಜಾವ ಇವೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತವೆ. ಅಂಥದ್ದನ್ನು ನೋಡಿದ್ದೀರಾ ಅಂತ ನಿಮ್ಮ ಊರಿನ ಮೀನುಗಾರರನ್ನು ಕೇಳಿ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ, ದ್ಯುತಿಸಂಶ್ಲೇಷಣೆ ಮಾತ್ರ ನಡೆಯುವುದಿಲ್ಲ. ಈ ಸುಳಿವು ಹಿಡಿದು ಕಾರಣವನ್ನು ನೀವೇ ಬರೆಯಿರಿ.