ಎಮ್ಮೆಯ ಮಿದುಳು

ದಡ್ಡತನಕ್ಕೊಂದು ಹೆಸರಿಡಬೇಕಾದಾಗಲೆಲ್ಲ ನಾವು ಕೊಟ್ಟಿಗೆಯ ಕಡೆಗೇ ತಿರುಗುತ್ತೇವೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ, ಎಮ್ಮೆಯ ಮೇಲೆ ಮಳೆ ಸುರಿದಂತೆ, ಕುರಿಮಂದೆಯಂತೆ - ಈ ಮಾತುಗಳನ್ನು ಆಡದ ಮನೆ ನಮ್ಮಲ್ಲಿ ಇರಲಾರದು. ಹಾಲು, ಗೊಬ್ಬರ, ಉಣ್ಣೆ, ಉಳುಮೆ ಎಲ್ಲವನ್ನೂ ಪಡೆದುಕೊಂಡು, ಬೈಗುಳವನ್ನೂ ಆ ಮೂಕಪ್ರಾಣಿಗಳಿಂದಲೇ ಕಡ ತರುವ ಈ ಜಾಣತನಕ್ಕೆ ನಾನೂ ಹೊರತಾಗಿರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟರಾಗಿದ್ದೆ. ಒಂದು ದಿನ ಮಿದುಳಿನ ಪಾಠ ನಡೆದಿತ್ತು. "ದೇಹದ ತೂಕಕ್ಕೆ ಹೋಲಿಸಿದರೆ ಮನುಷ್ಯನ ಮಿದುಳೇ ಎಲ್ಲಕ್ಕಿಂತ ದೊಡ್ಡದು, ಅದರಿಂದಲೇ ಅವನು ಬುದ್ಧಿವಂತ" ಎಂದು ಸಾರಿ, ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ ಅದನ್ನೇ ಮರಳಿ ಕೇಳಿದೆ. ದಿನವೂ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗ ಅವನು. ಉತ್ತರ ಬರಲಿಲ್ಲ. "ನಿನ್ನದು ಎಮ್ಮೆಯ ಮಿದುಳು" ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ತಲೆ ತಗ್ಗಿಸಿಕೊಂಡೇ, "ಎಮ್ಮೆಗೆ ಎಲ್ಲಾ ತಿಳೀತದೆ ಸಾ" ಎಂದ. ನಗೆ ಇಮ್ಮಡಿಸಿತು. ಮರುದಿನ ಅವನ ಸ್ಥಳ ಬರಿದಾಗಿತ್ತು.

ಆ ದಿನ ನಾನು ಹೇಳಿದ ಪಾಠವೇ ತಪ್ಪೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಮನುಷ್ಯನ ಮಿದುಳು ಸುಮಾರು 1,350 ಗ್ರಾಂ. ಅವನ ದೇಹ 65 ಕಿಲೋ ಎಂದು ಹಿಡಿದರೆ ಸುಮಾರು ಐವತ್ತರಲ್ಲೊಂದು ಪಾಲಾಯಿತು. ಆದರೆ 20 ಗ್ರಾಂ ತೂಗುವ ಇಲಿಮರಿಯಂಥ ಸುಂಡಿಲಿಗೆ ಸುಮಾರು 0.4 ಗ್ರಾಂ ಮಿದುಳುಂಟು. ಅದೂ ಐವತ್ತರಲ್ಲೊಂದೇ! ಬರಿಯ ಗಾತ್ರವೇ ಬುದ್ಧಿಯೆಂದರೂ ನಮಗೆ ಗೆಲುವಿಲ್ಲ. ಆನೆಯ ಮಿದುಳು ನಾಲ್ಕೂವರೆ ಕಿಲೋಗೂ ಮೀರಿ ತೂಗಬಲ್ಲುದು. ಇತ್ತ ಹಸುವಿನ ಮಿದುಳು 450 ಗ್ರಾಮಿನ ಆಸುಪಾಸು. ದೇಹ 450 ಕಿಲೋ. ಸಾವಿರದಲ್ಲೊಂದು ಪಾಲು. ಹಾಗೆಂದು ಹಸುವಿಗಿಂತ ಸುಂಡಿಲಿ ಇಪ್ಪತ್ತು ಪಾಲು ಜಾಣವೆಂದು ಯಾರು ಹೇಳಿಯಾರು?

ದೇಹ ಬೆಳೆದಷ್ಟೇ ವೇಗದಲ್ಲಿ ಮಿದುಳು ಬೆಳೆಯುವುದಿಲ್ಲವೆಂಬುದೇ ಇದರ ಗುಟ್ಟು. ಇದನ್ನು ಲೆಕ್ಕಕ್ಕೆ ತಂದುಕೊಂಡು ಅಮೆರಿಕದ ಹ್ಯಾರಿ ಜೆರಿಸನ್ ಅವರು 1973ರ ತಮ್ಮ ಗ್ರಂಥದಲ್ಲಿ ಒಂದು ಅಳತೆಯನ್ನು ವಿವರಿಸಿದರು. ಇಷ್ಟು ದೊಡ್ಡ ದೇಹಕ್ಕೆ ಇಷ್ಟು ಮಿದುಳು ಇರಬೇಕೆಂದು ಮೊದಲು ಎಣಿಸುವುದು. ನಿಜವಾಗಿ ಇರುವುದು ಅದರ ಎಷ್ಟು ಪಾಲೆಂದು ನೋಡುವುದು. ಈ ಎಣಿಕೆಯಲ್ಲಿ ಬೆಕ್ಕು ಒಂದಾದರೆ ಕುದುರೆ ಸುಮಾರು 0.9, ಕುರಿ 0.8, ಮನುಷ್ಯ ಏಳನ್ನು ದಾಟುತ್ತಾನೆ. ಕೊನೆಗೂ ನಾವೇ ಮೇಲೆ. ಆದರೆ ಕುರಿಯೂ ಬೆಕ್ಕಿಗಿಂತ ಬಹಳ ಕೆಳಗಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಇದಲ್ಲದೆ, ಮಾಂಸಕ್ಕೆಂದು ಹಂದಿಯನ್ನು ಕೊಬ್ಬಿಸಿದಾಗ ದೇಹ ಉಬ್ಬುತ್ತದೆ, ಮಿದುಳು ಇದ್ದಷ್ಟೇ ಇರುತ್ತದೆ, ಅಂಕ ಇಳಿಯುತ್ತದೆ. ಇಳಿದದ್ದು ಹಂದಿಯ ಬುದ್ಧಿಯೋ, ನಾವು ಹಾಕಿದ ಮೇವಿನ ಲೆಕ್ಕವೋ?

ಸಾಕಿದ ಪ್ರಾಣಿಯ ಮಿದುಳು ಅದರ ಕಾಡಿನ ಬಂಧುವಿನದಕ್ಕಿಂತ ಕಿರಿದೆಂಬುದೂ ದಿಟವೇ. ಸಾಕುಮೊಲಗಳಲ್ಲಿ ಡಾರ್ವಿನ್ ಇದನ್ನು ಕಂಡು 1868ರಲ್ಲೇ ಬರೆದಿದ್ದ. 1627ರಲ್ಲಿ ಪೋಲೆಂಡಿನಲ್ಲಿ ನಿರ್ವಂಶವಾದ ಆರಾಕ್ಸ್ ಎಂಬ ಕಾಡುದನದ ತಲೆಬುರುಡೆಗಳನ್ನು ಇಂದಿನ ದನಗಳ ಬುರುಡೆಗಳೊಡನೆ ಜ್ಯೂರಿಕ್ಕಿನ ವಿದ್ವಾಂಸರು ಹೋಲಿಸಿ ನೋಡಿ 2021ರಲ್ಲಿ ಫಲವನ್ನು ಪ್ರಕಟಿಸಿದರು. ದೇಹದ ಗಾತ್ರವನ್ನು ಗಣಿಸಿದ ಮೇಲೂ ಸಾಕುದನದ ಮಿದುಳು ಸುಮಾರು ಕಾಲುಭಾಗ ಕುಗ್ಗಿತ್ತು. ಕಾಳಗಕ್ಕೆಂದು ಬೆಳೆಸುವ, ಮನುಷ್ಯನ ಕೈ ಹೆಚ್ಚು ಸೋಕದ ಗೂಳಿಗಳಲ್ಲಿ ಈ ಕುಗ್ಗುವಿಕೆ ಕಡಮೆ. ದಿನವೂ ಕೈಯಾಡುವ ಹಾಲಿನ ಹಸುಗಳಲ್ಲಿ ಹೆಚ್ಚು. ಭಯ, ಎಚ್ಚರ, ಸಿಟ್ಟುಗಳನ್ನು ನಡೆಸುವ ಭಾಗಗಳು ಸಾಕುಪ್ರಾಣಿಗಳಲ್ಲಿ ವಿಶೇಷವಾಗಿ ಕಿರಿದಾಗಿರುವುದನ್ನೂ ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಬಳಿ ಬದುಕುವುದಕ್ಕಾಗಿ ಅವು ಕಳೆದುಕೊಂಡದ್ದರಲ್ಲಿ ನಮ್ಮ ಮೇಲಣ ಹೆದರಿಕೆಯೂ ಸೇರಿದೆ. ಅದನ್ನೇ ನಾವು ಮಂದಬುದ್ಧಿಯೆಂದು ಕರೆದೆವು.

ಉಳಿದ ಮಿದುಳು ಸುಮ್ಮನೆ ಕುಳಿತಿಲ್ಲ. ಕುರಿಗಳು ಐವತ್ತು ಕುರಿಗಳ ಮುಖಗಳನ್ನು ಎರಡು ವರ್ಷ ಕಳೆದರೂ ಗುರುತಿಡಬಲ್ಲವೆಂದು ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಅವರ ಸಂಗಡಿಗರು 2001ರಲ್ಲಿ ತೋರಿಸಿದರು. 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಅಮೆರಿಕದ ನಾಲ್ಕು ಹಂದಿಗಳು ಮೂತಿಯಿಂದ ಒಂದು ಹಿಡಿಯನ್ನು ಆಡಿಸಿ, ಗಾಜಿನ ತೆರೆಯ ಮೇಲಿನ ಚುಕ್ಕೆಯನ್ನು ಗುರಿಯತ್ತ ನಡೆಸಲು ಕಲಿತವು.

ಹುಡುಗ ನಾಲ್ಕು ದಿನ ಬಾರದಿರಲು ನಾನೇ ಅವನ ಮನೆಗೆ ಹೋದೆ. ಮುಸ್ಸಂಜೆಯ ಹೊತ್ತು. ತಾಯಿ ಎಮ್ಮೆಯ ಬಳಿ ಕುಕ್ಕರುಗಾಲಲ್ಲಿ ಕುಳಿತು ಕೆಚ್ಚಲನ್ನು ನೀವುತ್ತಿದ್ದಳು, ಹಾಲು ಇಳಿಯಲೊಲ್ಲದು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು ಎದ್ದಳು. "ಅವನ ಕೈ ಬಿದ್ದರೇನೇ ಸೊರೆ ಬಿಡೋದು, ಮೇಷ್ಟ್ರೇ. ಅದಕ್ಕೇ ಬೆಳಿಗ್ಗೆ ಅವನಿಗೆ ತಡ ಆಗೋದು" ಎಂದಳು. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಹುಡುಗ ಬಂದ. ಹೆಜ್ಜೆಯ ಸಪ್ಪಳಕ್ಕೇ ಎಮ್ಮೆ ಕಿವಿ ನಿಮಿರಿಸಿ ಕತ್ತು ಹೊರಳಿಸಿತು. ಅವನು ನನ್ನ ಕಡೆ ನೋಡದೆ ಹೊರೆ ಇಳಿಸಿ, ಚೊಂಬು ತೆಗೆದುಕೊಂಡು ಕುಳಿತ. ಎರಡು ಗಳಿಗೆಯಲ್ಲಿ ನೊರೆಹಾಲಿನ ಸದ್ದು ಕೇಳಿತು.

ಅವನು ತಡವಾಗಿ ಬಂದಾಗಲೆಲ್ಲ ನಾನು ಹೊರಗೆ ನಿಲ್ಲಿಸಿದ್ದೆ. ಆ ಸಂಜೆ, "ನಾಳೆ ಬಾರಪ್ಪ, ತಡವಾದರೂ ಚಿಂತೆಯಿಲ್ಲ" ಎಂದಷ್ಟೇ ಹೇಳಿ ಹಿಂತಿರುಗಿದೆ. ಅವನು ಬಂದ. ಆ ಬೈಗುಳವನ್ನು ನಾನು ಮತ್ತೆ ಬಳಸಲಿಲ್ಲ. ಆದರೆ ಅಂದು ನಕ್ಕ ತರಗತಿಯ ಎದುರಿಗೆ, ಪಾಠ ತಪ್ಪಿದವನು ನಾನು, ಸರಿಯಾದ ಉತ್ತರ ಕೊಟ್ಟವನು ಅವನು ಎಂಬ ಮಾತನ್ನು ಎಂದೂ ಹೇಳಲಿಲ್ಲ. ಆ ತರಗತಿಯಲ್ಲಿ ಕುಳಿತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈಗಲಾದರೂ ಹೇಳಿದ್ದೇನೆಂದು ತಿಳಿಯಲಿ.